ಓದುಗರ ಪ್ರಶ್ನೆ: ತಿರುಗುವ ಕೋಣೆ, ತುಕ್ಕು ಹಿಡಿದ ಗೋಡೆ

ಪ್ರಶ್ನೆ: ಸಾರ್, ವೈಜ್ಞಾನಿಕ ಕಥೆಯ ಸಿನಿಮಾ ಅಂದಮೇಲೆ ಸೆಟ್ ಹಾಕಲೇಬೇಕಲ್ಲವೆ? ಇನ್ನೂ ಬಾರದ ಕಾಲವನ್ನು, ಯಾರೂ ಹೋಗದ ಗ್ರಹವನ್ನು ನಿಜವಾದ ಜಾಗದಲ್ಲಿ ಹೇಗೆ ತೆಗೆಯುತ್ತಾರೆ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ತೆಗೆದಿದ್ದಾರಮ್ಮ, ಸೊಗಸಾಗಿಯೇ ತೆಗೆದಿದ್ದಾರೆ. ‘ಸೋಲಾರಿಸ್’ ಚಿತ್ರಕ್ಕೆ ಭವಿಷ್ಯದ ನಗರವೊಂದು ಬೇಕಾದಾಗ ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿ 1971ರಲ್ಲಿ ಟೋಕಿಯೋಗೆ ಹೋದರು. ಅಲ್ಲಿನ ಮೇಲ್ಸೇತುವೆ, ಸುರಂಗಗಳಲ್ಲಿ ಕಾರು ಓಡಿಸಿ ಚಿತ್ರಿಸಿಕೊಂಡು ಬಂದರು. ಒಂದು ಮೊಳೆ ಹೊಡೆಯಲಿಲ್ಲ. ಮಾಸ್ಕೋದ ಪ್ರೇಕ್ಷಕರಿಗೆ ಅದು ನಾಳೆಯ ಊರು, ಟೋಕಿಯೋದವರಿಗೆ ದಿನಾ ಆಫೀಸಿಗೆ ಹೋಗುವ ದಾರಿ. ಅದಕ್ಕೂ ಮುಂಚೆ, 1965ರಲ್ಲಿ, ಫ್ರೆಂಚ್ ನಿರ್ದೇಶಕ ಗೊಡಾರ್ ‘ಆಲ್ಫಾವಿಲ್’ಗಾಗಿ ಪ್ಯಾರಿಸ್ಸಿನ ಗಾಜಿನ ಕಟ್ಟಡಗಳನ್ನೇ ರಾತ್ರಿ ಹೊತ್ತು ತೆಗೆದು ಬೇರೆಯೇ ಲೋಕ ಎಂದು ನಂಬಿಸಿದ್ದರು. ‘ಬ್ಲೇಡ್ ರನ್ನರ್’ನಲ್ಲಿ ಮಳೆ ಸೋರುವ ಆ ಪಾಳು ಅಪಾರ್ಟ್‌ಮೆಂಟ್ ಇದೆಯಲ್ಲ, ಅದು ಲಾಸ್ ಏಂಜಲೀಸಿನ ಬ್ರ್ಯಾಡ್‌ಬರಿ ಕಟ್ಟಡ. ಕಟ್ಟಿದ್ದು 1893ರಲ್ಲಿ. ಹಗಲೆಲ್ಲ ಅಲ್ಲಿ ಕಚೇರಿಗಳು ನಡೆಯುತ್ತಿದ್ದ ಕಾರಣ ರಾತ್ರಿ ಶೂಟಿಂಗ್ ಮಾಡಿದರು.

ಹಾಗಾದರೆ ಸೆಟ್ ಯಾಕೆ ಬೇಕು? ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಕಾಲೇಜು ದಿನಗಳಲ್ಲಿ, ಬೆಂಗಳೂರಿನ ಫಿಲ್ಮ್ ಸೊಸೈಟಿಯೊಂದರಲ್ಲಿ ‘2001: ಎ ಸ್ಪೇಸ್ ಒಡಿಸ್ಸಿ’ ನೋಡಿದ ರಾತ್ರಿ. ಗಗನಯಾತ್ರಿಯೊಬ್ಬ ಉಂಗುರದಂಥ ಕೋಣೆಯಲ್ಲಿ ಸುತ್ತ ಓಡುತ್ತಾನೆ: ನೆಲದ ಮೇಲೆ, ಗೋಡೆಯ ಮೇಲೆ, ಮತ್ತೆ ನೆಲಕ್ಕೆ. ನನಗೆ ತಲೆ ಸುತ್ತಿತು. ಮನೆಗೆ ಹೋಗಿ ಬಳೆಯೊಳಗೆ ಗೋಲಿ ಉರುಳಿಸಿ ನೋಡಿದೆ. ಆಗ ಹೊಳೆಯಿತು: ಅವನು ಗೋಡೆ ಹತ್ತುತ್ತಿಲ್ಲ, ಅವನು ಸದಾ ತಳದಲ್ಲೇ ಇದ್ದಾನೆ, ಕೋಣೆಯೇ ತಿರುಗುತ್ತಿದೆ.

ಆ ಚಿತ್ರದ ನಿರ್ದೇಶಕ ಕೂಬ್ರಿಕ್ ನಿಜಕ್ಕೂ ಅಂಥ ಕೋಣೆ ಕಟ್ಟಿಸಿದ್ದರು. ಇಂಗ್ಲೆಂಡಿನಲ್ಲಿ ವಿಮಾನ ತಯಾರಿಸುತ್ತಿದ್ದ ವಿಕರ್ಸ್-ಆರ್ಮ್‌ಸ್ಟ್ರಾಂಗ್ ಕಂಪನಿಯಿಂದ 38 ಅಡಿ ವ್ಯಾಸದ, ಸುಮಾರು 30 ಟನ್ ತೂಕದ ಉಕ್ಕಿನ ಚಕ್ರ ಮಾಡಿಸಿದರು. ಖರ್ಚು ಏಳೂವರೆ ಲಕ್ಷ ಡಾಲರ್. ವೇಗವಾದರೂ ಎಷ್ಟು? ಗಂಟೆಗೆ 3 ಮೈಲಿ, ಅಂದರೆ ನಾವು ನಡೆಯುವಷ್ಟು. ತಿರುಗುವಾಗ ಒಳಗಿನ ದೀಪಗಳು ಸಿಡಿಯುತ್ತಿದ್ದವು, ಮರೆತು ಬಿಟ್ಟ ಸಾಮಾನು ಮೇಲಿನಿಂದ ಬೀಳುತ್ತಿತ್ತು. ಕೂಬ್ರಿಕ್ ಹೊರಗೆ ಕುಳಿತು ಟಿ.ವಿ. ಪರದೆಯಲ್ಲಿ ನೋಡುತ್ತಾ ನಿರ್ದೇಶಿಸಿದರು. ಒಂದು ದೃಶ್ಯದಲ್ಲಿ ಒಬ್ಬ ಏಣಿ ಇಳಿದು ಊಟ ಮಾಡುತ್ತಿರುವ ಜೊತೆಗಾರನ ಬಳಿಗೆ ಬರುತ್ತಾನೆ. ಆ ಜೊತೆಗಾರನನ್ನು ಕುರ್ಚಿಗೆ ಬಿಗಿದು ಕಟ್ಟಿ ತಲೆಕೆಳಗಾಗಿ ನೇತುಹಾಕಿದ್ದರು. ಊಟವನ್ನೂ ತಟ್ಟೆಗೆ ಅಂಟಿಸಿದ್ದರು.

ಇಂಥ ಕೋಣೆಯನ್ನು ಭೂಮಿಯ ಮೇಲೆ ಎಲ್ಲಿ ಹುಡುಕುತ್ತೀರಿ? ಗುರುತ್ವದ ಲೆಕ್ಕವೇ ಬದಲಾಗಬೇಕಾದ ಕಡೆ ಕಟ್ಟಿಯೇ ತೀರಬೇಕು. ಆದರೆ ಜಾಗಕ್ಕೆ ವಯಸ್ಸು ಬೇಕಾದರೆ, ಅಲ್ಲಿ ಯಾರೋ ಬದುಕಿ ಬಿಟ್ಟುಹೋದಂತೆ ಕಾಣಬೇಕಾದರೆ, ನಾನು ಮೊದಲು ನಿಜವಾದ ಕಟ್ಟಡ ಹುಡುಕುತ್ತೇನೆ. ವಯಸ್ಸನ್ನು ಬಳಿಯುವುದು ಬಲು ಕಷ್ಟ. 26 ವರ್ಷ ಕಲಾ ವಿಭಾಗದಲ್ಲಿ ದುಡಿದವನ ಮಾತು ಇದು. ನಾನು ಹೊಸಬನಾಗಿದ್ದಾಗ ಹಳೇ ಹಾಸ್ಟೆಲ್ ಕೋಣೆಯ ಸೆಟ್ಟಿಗೆ ಟೀ ಡಿಕಾಕ್ಷನ್, ಬೂದಿ ಕಲಸಿ ಗೋಡೆ ತುಂಬ ಎರಚಿದ್ದೆ. ಹಿರಿಯ ಪೇಂಟರ್ ಬಂದು ನೋಡಿ, “ಇದು ಹಳೇ ಗೋಡೆ ಅಲ್ಲ ಮಗಾ, ಕೊಳಕು ಗೋಡೆ” ಎಂದರು. ಪೂರ್ತಿ ಅಳಿಸಿ, ಸ್ವಿಚ್ ಬೋರ್ಡಿನ ಸುತ್ತ ಕೈಯ ಜಿಡ್ಡು, ಮಂಚದ ತಲೆಭಾಗದಲ್ಲಿ ಎಣ್ಣೆ ಕಲೆ, ಕಿಟಕಿಯ ಕೆಳಗೆ ನೀರಿಳಿದ ಗೆರೆ, ಇಷ್ಟು ಮಾತ್ರ ಮಾಡಿದರು. ಬೇರೆ ಕಡೆ ಸುಣ್ಣ ಹಾಗೇ ಇತ್ತು. ಕೋಣೆಗೆ ಉಸಿರು ಬಂತು.

‘ಏಲಿಯನ್’ (1979) ಚಿತ್ರದ ಸೆಟ್ ಅಷ್ಟು ನಿಜ ಅನ್ನಿಸುವುದು ಇಂಥ ಕೆಲಸದಿಂದಲೇ. ಹಳೇ ವಿಮಾನಗಳ ಗುಜರಿ ತಂದು ಗೋಡೆಗಳಿಗೆ ಜೋಡಿಸಿದರು. ನಾವು ಸಾಮಾನ್ಯವಾಗಿ ಲೈಟ್ ಕಟ್ಟಲೆಂದು ಸೆಟ್ಟಿನ ಮೇಲ್ಭಾಗ ತೆರೆದೇ ಬಿಡುತ್ತೇವೆ. ಅವರು ಚಾವಣಿ ಹಾಕಿದರು, ಕೋಣೆಗಳನ್ನು ಓಣಿಗಳಿಂದ ಕೂಡಿಸಿದರು. ನಟರು ಒಳಗೆ ಹೋದರೆ ಬಾಹ್ಯಾಕಾಶ ಹಡಗಿನೊಳಗೇ ಸಿಕ್ಕಿಕೊಂಡ ಹಾಗೆ.

ಪ್ರಶ್ನೆ: ನಿಜವಾದ ಜಾಗ ಸಿಕ್ಕರೆ ಕೆಲಸ ಸಲೀಸು, ಖರ್ಚೂ ಕಡಿಮೆ ಎನ್ನುತ್ತಾರೆ. ಹೌದೆ?
— ನಿವೃತ್ತ ಅಧ್ಯಾಪಕರು, ಧಾರವಾಡ

ಉತ್ತರ: ಗುರುಗಳೇ, ‘ಸ್ಟಾಕರ್’ (1979) ಚಿತ್ರದ ಕಥೆ ಕೇಳಿ. ತಾರ್ಕೋವ್‌ಸ್ಕಿ ಮೊದಲು ತಜಿಕಿಸ್ತಾನದಲ್ಲಿ ಜಾಗ ಆರಿಸಿದ್ದರು. ಭೂಕಂಪವಾಗಿ ಅದು ಕೈಬಿಟ್ಟಿತು. ಆಮೇಲೆ ಎಸ್ಟೋನಿಯಾದ ಟಾಲಿನ್ ಬಳಿ ಯಾಗಲಾ ನದಿಯ ದಂಡೆಯಲ್ಲಿ ಪಾಳುಬಿದ್ದ ಜಲವಿದ್ಯುತ್ ಕೇಂದ್ರ ಸಿಕ್ಕಿತು. ಅಲ್ಲಿನ ಹುಲ್ಲು, ಪಾಚಿ, ತುಕ್ಕು ಯಾವ ಪೇಂಟರ್ ಕೈಗೂ ಬಾರದಂಥವು. ಆದರೆ 1977ರಲ್ಲಿ ತೆಗೆದ ಫಿಲ್ಮ್ ಸಂಸ್ಕರಣೆಯಲ್ಲಿ ಹಾಳಾಯಿತು. ಹೆಚ್ಚುಕಡಿಮೆ ಇಡೀ ಚಿತ್ರವನ್ನು ಹೊಸ ಛಾಯಾಗ್ರಾಹಕರೊಂದಿಗೆ ಮತ್ತೆ ತೆಗೆದರು.

ಚಿತ್ರದಲ್ಲಿ ನೀರಿನ ಮೇಲೆ ಬಿಳಿ ನೊರೆ ತೇಲುತ್ತದೆ. ಮೇಲ್ದಂಡೆಯ ರಾಸಾಯನಿಕ ಕಾರ್ಖಾನೆ ನದಿಗೆ ವಿಷದ ನೀರು ಬಿಡುತ್ತಿತ್ತು, ತಂಡದ ಹಲವರಿಗೆ ಚರ್ಮದ ಅಲರ್ಜಿ ಆಯಿತು ಎಂದು ಚಿತ್ರದ ಧ್ವನಿ ವಿನ್ಯಾಸಕ ವ್ಲಾದಿಮಿರ್ ಶಾರುನ್ ಮುಂದೆ ಹೇಳಿದರು. ನಟ ಸೊಲೊನಿತ್ಸಿನ್ 1982ರಲ್ಲಿ, ತಾರ್ಕೋವ್‌ಸ್ಕಿ 1986ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಇದಕ್ಕೂ ಆ ನೀರೇ ಕಾರಣ ಎಂದು ಶಾರುನ್ ನಂಬಿದ್ದರು. ನನ್ನ ಪಾಲಿಗೆ ‘ಸ್ಟಾಕರ್’ ಎಲ್ಲಕ್ಕಿಂತ ಹತ್ತಿರದ ಚಿತ್ರ. ಆದರೂ ಆ ನೊರೆ ತೆರೆಯ ಮೇಲೆ ಬಂದಾಗಲೆಲ್ಲ ಕಣ್ಣು ತಗ್ಗಿಸುತ್ತೇನೆ.

ಪ್ರಶ್ನೆ: ಈಗ ನಟರ ಹಿಂದೆ ಬೇಕಾದ ದೃಶ್ಯ ತೋರಿಸುವ ದೊಡ್ಡ ಎಲ್‌ಇಡಿ ಗೋಡೆ ಬಂದಮೇಲೆ ಸೆಟ್ಟೂ ಬೇಡ, ಊರೂ ಸುತ್ತಬೇಕಿಲ್ಲ ಅಲ್ಲವೆ?
— ಫೋಟೋಗ್ರಾಫರ್, ಮಂಗಳೂರು

ಉತ್ತರ: ನಿಮಗೆ ಬೆಳಕಿನ ಭಾಷೆ ಗೊತ್ತು, ಅದರಲ್ಲೇ ಹೇಳುತ್ತೇನೆ. ‘ದ ಮ್ಯಾಂಡಲೋರಿಯನ್’ ಸರಣಿಯ ನಾಯಕನದು ಹೊಳೆಯುವ ಉಕ್ಕಿನ ಹೆಲ್ಮೆಟ್. ಹಿನ್ನೆಲೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಲೆಂದು ಕಟ್ಟುವ ಹಸಿರು ಪರದೆಯ ಮುಂದೆ ನಿಲ್ಲಿಸಿದರೆ ಅದೆಲ್ಲ ಹಸಿರಾಗುತ್ತದೆ, ಎಲ್‌ಇಡಿ ಗೋಡೆಯ ಮುಂದೆ ನಿಲ್ಲಿಸಿದರೆ ಅದರಲ್ಲಿ ಆಕಾಶವೇ ಪ್ರತಿಫಲಿಸುತ್ತದೆ. ‘ಡ್ಯೂನ್’ (2021) ತಂಡ ಇನ್ನೊಂದು ದಾರಿ ಹಿಡಿಯಿತು. ಜೋರ್ಡಾನಿನ ವಾದಿ ರಮ್‌, ಅಬುಧಾಬಿಗಳಿಗೆ ಹೋಗಿ ಮರುಭೂಮಿ ತೆಗೆದರು. ಕೆಲವು ಕಡೆ ಹಸಿರಿನ ಬದಲು ಮರಳಿನ ಬಣ್ಣದ ಪರದೆ ಕಟ್ಟಿ, ನಟರ ಮುಖಕ್ಕೆ ಮರಳಿನದೇ ಬೆಳಕು ಬೀಳುವಂತೆ ನೋಡಿಕೊಂಡರು. ಎಲ್‌ಇಡಿ ಗೋಡೆ ಬೆಳಕು ಕೊಡುತ್ತದೆ, ಕಾಲಿನಡಿಯ ನೆಲವನ್ನು ಈಗಲೂ ಯಾರಾದರೂ ಮಾಡಲೇಬೇಕು.

ಪ್ರಶ್ನೆ: ನಾವು ಐದು ಜನ ಗೆಳೆಯರು ಸೇರಿ ಕಿರುಚಿತ್ರ ಮಾಡುತ್ತಿದ್ದೇವೆ. ಕಥೆ ಬಾಹ್ಯಾಕಾಶ ನಿಲ್ದಾಣದ್ದು. ಕೈಯಲ್ಲಿ 60 ಸಾವಿರ ಇದೆ. ಮುಚ್ಚಿದ ಗಿರಣಿಯೊಂದು ಸಿಕ್ಕಿದೆ. ಅಲ್ಲೇ ಮಾಡಲೆ?
— ಹುಬ್ಬಳ್ಳಿಯಿಂದ

ಉತ್ತರ: ಗಿರಣಿ ಒಳ್ಳೆಯದು ಕಣಪ್ಪ, ಆದರೆ ಮೊದಲು ಹಗಲಿನಲ್ಲಿ ಹೋಗಿ ಮೇಲ್ಛಾವಣಿ ನೋಡಿ. ಹಳೇ ಕಾರ್ಖಾನೆಯೊಂದರಲ್ಲಿ ನಮ್ಮ ಲೈಟ್‌ಬಾಯ್ ಸಿಮೆಂಟ್ ಶೀಟಿನ ಮೇಲೆ ಕಾಲಿಟ್ಟು ಕೆಳಕ್ಕೆ ಬಿದ್ದ. ಬದುಕಿಕೊಂಡ, ಆದರೆ ಸೊಂಟ ನೆಟ್ಟಗಾಗಲಿಲ್ಲ. ಜಾಗ ನೋಡಲು ಹೋದವನು ನಾನು, ಶೀಟು ತಟ್ಟಿ ನೋಡದೆ ಬಂದವನೂ ನಾನೇ. ಮಾಲೀಕರಿಂದ ಅನುಮತಿ ಪತ್ರ ಬರೆಸಿಕೊಳ್ಳಿ. ಯಾರೂ ಛಾವಣಿ ಹತ್ತಬೇಡಿ.

ಇಡೀ ಗಿರಣಿಯನ್ನು ನಿಲ್ದಾಣ ಮಾಡಲು ಹೋಗಬೇಡಿ. ಒಂದು ಉದ್ದನೆಯ ಓಣಿ ಆರಿಸಿ, ಒಂದೇ ಕೋಣೆ ಪ್ಲೈವುಡ್ಡಿನಲ್ಲಿ ಕಟ್ಟಿ. ಗುಜರಿ ಅಂಗಡಿಯಲ್ಲಿ ಹಳೇ ಕಂಪ್ಯೂಟರ್ ಕ್ಯಾಬಿನೆಟ್, ಬಸ್ಸಿನ ಕಿಟಕಿ ತೂಕಕ್ಕೆ ಸಿಗುತ್ತವೆ. ಕೋಣೆಗೆ ಚಾವಣಿ ಹಾಕಿ, ಲೈಟನ್ನು ಗೋಡೆಯೊಳಗೇ ಕೂರಿಸಿ. ಕೊಳೆ ಬಳಿಯುವ ಮುಂಚೆ ಅಲ್ಲಿ ಇರುವ ಮನುಷ್ಯ ಎಡಗೈಯವನೋ ಬಲಗೈಯವನೋ ನಿರ್ಧರಿಸಿ, ಅವನ ಕೈ ಎಲ್ಲೆಲ್ಲಿ ತಾಗುತ್ತದೋ ಅಲ್ಲಿ ಮಾತ್ರ ಬಳಿಯಿರಿ. ಕಟ್ಟಿದ ಮೇಲೆ ಫೋಟೊ ಕಳಿಸಿ, ನೋಡಿ ಹೇಳುತ್ತೇನೆ.