ಅಮೆರಿಕದಲ್ಲಿ ತೆರಿಗೆ ರಿಟರ್ನ್ ಮಾಡಿಕೊಡುವ ಕಸುಬು: ನೀವು ಕೇಳಿದ್ದಕ್ಕೆ

ಊರಿನಲ್ಲಿ ಆರು ವರ್ಷ ಲೆಕ್ಕಪರಿಶೋಧಕರ ಕಚೇರಿಯಲ್ಲಿ ದುಡಿದು, ಈಗ ಪತಿಯ ಎಚ್-1ಬಿ (ಕಂಪನಿ ಅರ್ಜಿ ಹಾಕಿ ಕೊಡಿಸುವ ಉದ್ಯೋಗ ವೀಸಾ) ಕೆಲಸದ ಕಾರಣ ಅಮೆರಿಕಕ್ಕೆ ಬಂದಿರುವ ನೀವು, ಇಲ್ಲಿ ಮನೆಯಿಂದಲೇ ತೆರಿಗೆ ರಿಟರ್ನ್ ಸಿದ್ಧಪಡಿಸಿಕೊಡುವ ಸಣ್ಣ ಕಚೇರಿ ತೆರೆಯಬಹುದೇ ಎಂದು ಕೇಳಿದ್ದೀರಿ. ಹದಿನಾಲ್ಕು ವರ್ಷಗಳಿಂದ ಇದೇ ಕಸುಬಿನಲ್ಲಿರುವ ನನ್ನ ಉತ್ತರ, ತೆರೆಯಬಹುದು ಎಂದೇ. ಆದರೆ ಮೊದಲ ವರ್ಷವೇ ಬೇಡ.

ನಿಮ್ಮ ಎಚ್-4ರ (ಎಚ್-1ಬಿಯವರ ಸಂಗಾತಿಗೆ ಸಿಗುವ ವೀಸಾ) ಜೊತೆ ಇಎಡಿ, ಅಂದರೆ ದುಡಿಯಲು ಅನುಮತಿ ಪತ್ರ, ಇರುವುದರಿಂದ, ಅದು ಊರ್ಜಿತವಾಗಿರುವವರೆಗೆ ಸ್ವಂತ ಕಸುಬಿಗೆ ಅಡ್ಡಿಯಿಲ್ಲ. ಯಜಮಾನರು ಸಂಜೆ ಹೊತ್ತು ಕೈಜೋಡಿಸುತ್ತಾರೆ ಎಂದು ಬರೆದಿದ್ದೀರಲ್ಲ, ಆ ಯೋಚನೆಯನ್ನು ಮಾತ್ರ ಇಂದೇ ಬಿಟ್ಟುಬಿಡಿ. ಎಚ್-1ಬಿಯಲ್ಲಿರುವವರು ತಮಗಾಗಿ ಅರ್ಜಿ ಹಾಕಿದ ಕಂಪನಿಯ ಕೆಲಸವನ್ನಷ್ಟೇ ಮಾಡಬಹುದು. ಹಣ ಪಡೆದು ಫೆಡರಲ್ (ಕೇಂದ್ರ ಸರ್ಕಾರದ) ರಿಟರ್ನ್ ಮಾಡಿಕೊಡುವ ಪ್ರತಿಯೊಬ್ಬರೂ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ಪಿಟಿನ್ ಎಂಬ ರಿಟರ್ನ್ ಸಿದ್ಧಪಡಿಸುವವರ ಗುರುತು ಸಂಖ್ಯೆ ಪಡೆದು ಪ್ರತಿವರ್ಷ ನವೀಕರಿಸಬೇಕು. ವರ್ಷಕ್ಕೆ 11 ಅಥವಾ ಹೆಚ್ಚು ರಿಟರ್ನ್ ಮಾಡುವವರು ಇ-ಫೈಲ್ (ಆನ್‌ಲೈನ್ ಸಲ್ಲಿಕೆ) ಮಾಡಲೇಬೇಕಾಗುವುದರಿಂದ, ಅದಕ್ಕೆಂದೇ ಇರುವ ಗುರುತು ಸಂಖ್ಯೆಯಾದ ಇಎಫ್‌ಐಎನ್ ಕೂಡ ಬೇಕು. ಹಿನ್ನೆಲೆ ಪರಿಶೀಲನೆ ಮುಗಿದೇ ಅದು ಕೈಗೆ ಬರುವುದರಿಂದ, ಜನವರಿಯಲ್ಲಿ ಅರ್ಜಿ ಹಾಕಿ ಕುಳಿತರೆ ಹಂಗಾಮು ಕೈತಪ್ಪುತ್ತದೆ. ಆಶ್ಚರ್ಯವೆಂದರೆ ಫೆಡರಲ್ ಮಟ್ಟದಲ್ಲಿ ಪರೀಕ್ಷೆ ಕಡ್ಡಾಯವಿಲ್ಲ. ಕ್ಯಾಲಿಫೋರ್ನಿಯಾ, ಓರೆಗಾನ್‌ಗಳಂಥ ಕೆಲವು ರಾಜ್ಯಗಳಿಗೆ ಮಾತ್ರ ತಮ್ಮದೇ ನಿಯಮಗಳಿವೆ. ಆದರೂ ಐಆರ್‌ಎಸ್ ಮಾನ್ಯತೆಯ ತೆರಿಗೆ ಪ್ರತಿನಿಧಿಯಾಗಲು ಬರೆಯುವ ಮೂರು ಭಾಗಗಳ ಎನ್‌ರೋಲ್ಡ್ ಏಜೆಂಟ್ ಪರೀಕ್ಷೆಯನ್ನು ಮುಗಿಸಿಕೊಳ್ಳಿ. ಗ್ರಾಹಕರಿಗೆ ನೋಟಿಸು ಬಂದ ದಿನ ಐಆರ್‌ಎಸ್ ಎದುರು ಅವರ ಪರವಾಗಿ ಪೂರ್ಣ ಅಧಿಕಾರದಿಂದ ಮಾತನಾಡಲು ಅದು ಬೇಕಾಗುತ್ತದೆ.

ಮೊದಲು ಬರುವ ಗ್ರಾಹಕರು ನಮ್ಮವರೇ, ಮತ್ತು ಕಷ್ಟವಿರುವುದೂ ಅಲ್ಲಿಯೇ. ನನ್ನ ಎರಡನೆಯ ವರ್ಷದಲ್ಲಿ ಪರಿಚಯದ ಗಂಡ-ಹೆಂಡತಿಯ ಜಂಟಿ ರಿಟರ್ನ್ ಮಾಡುವಾಗ, ಭಾರತದಲ್ಲಿ ಆದಾಯವೇನಾದರೂ ಇದೆಯೇ ಎಂದು ಕೇಳಿದೆ. ಇಲ್ಲವೆಂದರು, ನಾನೂ ಹಾಗೆಯೇ ತುಂಬಿದೆ. ಮರುವರ್ಷ ಅದೇ ಮೇಜಿನ ಮುಂದೆ ಕುಳಿತು, "ಎನ್‌ಆರ್‌ಇ ಎಫ್‌ಡಿ ಮುರಿಸಿ ಸೈಟಿಗೆ ಮುಂಗಡ ಕೊಟ್ಟೆವು" ಎಂದು ಅವರು ಮಾತಿನ ನಡುವೆ ಹೇಳಿದಾಗ ನನ್ನ ಕೈ ಕೀಲಿಮಣೆಯ ಮೇಲೇ ನಿಂತುಬಿಟ್ಟಿತು. ಅವರು ಸುಳ್ಳಾಡಿರಲಿಲ್ಲ, ಅನಿವಾಸಿ ಭಾರತೀಯರ ಎನ್‌ಆರ್‌ಇ ಠೇವಣಿಗೆ ಬರುವ, ಭಾರತದಲ್ಲಿ ತೆರಿಗೆಯೇ ಇಲ್ಲದ ಆ ಬಡ್ಡಿಯನ್ನು ಆದಾಯವೆಂದು ಅವರು ಎಣಿಸಿರಲಿಲ್ಲ, ಅಷ್ಟೇ. ಅಮೆರಿಕದ ನಿವಾಸಿಗೆ ಅದು ತೆರಿಗೆ ಕಟ್ಟಬೇಕಾದ ಆದಾಯವೇ. ತಿದ್ದುಪಡಿ ರಿಟರ್ನ್ ಸಲ್ಲಿಸಿದೆ. ಅದಕ್ಕೆ ಕಾಸು ಕೇಳಲು ನನಗೆ ಮುಖವಿರಲಿಲ್ಲ. ಅಂದಿನಿಂದ ಪ್ರಶ್ನೆಯಲ್ಲಿ ಆದಾಯ ಎಂಬ ಪದವನ್ನೇ ಬಿಟ್ಟಿದ್ದೇನೆ. ನಿಮ್ಮ ಹೆಸರಿರುವ ಖಾತೆಗಳು ಯಾವುವು, ತಂದೆ-ತಾಯಿಯ ಜೊತೆ ಜಂಟಿಯಾಗಿರುವುದು ಇದೆಯೇ, ಪಿಪಿಎಫ್ ಇದೆಯೇ, ಮ್ಯೂಚುವಲ್ ಫಂಡ್ ಇದೆಯೇ ಎಂದು ಒಂದೊಂದನ್ನೂ ಕಾಗದದಲ್ಲಿ ಕೇಳಿ, ಉತ್ತರದ ಕೆಳಗೆ ಸಹಿ ಪಡೆಯುತ್ತೇನೆ. ವಿದೇಶಿ ಖಾತೆಗಳೆಲ್ಲದರ ಮೊತ್ತ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ಮೀರಿದ್ದರೆ ವಿದೇಶಿ ಖಾತೆಗಳ ವರದಿಯಾದ ಎಫ್‌ಬಾರ್ ಸಲ್ಲಿಸಬೇಕು, ಜಂಟಿ ಖಾತೆಯ ಹಣ ಅಪ್ಪನದೇ ಆಗಿದ್ದರೂ ಕೂಡ. ಭಾರತದ ಬ್ಯಾಂಕಿನವರು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಬಡ್ಡಿ ಪ್ರಮಾಣಪತ್ರ ಕೊಡುತ್ತಾರೆ, ನಮಗೆ ಬೇಕಾದದ್ದು ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ. ಈ ಹೊಂದಾಣಿಕೆಯಲ್ಲಿಯೇ ನನ್ನ ಎಷ್ಟೋ ಸಂಜೆಗಳು ಕಳೆದಿವೆ.

ಊರಿನಲ್ಲಿರುವ ತಂದೆ-ತಾಯಿಯನ್ನು ತೆರಿಗೆ ಇಳಿಸಲು ಅವಲಂಬಿತರೆಂದು ತೋರಿಸಿ ಎಂದು ಕೇಳುವವರು ಪ್ರತಿವರ್ಷ ಬರುತ್ತಾರೆ. ಅಮೆರಿಕದ ಪ್ರಜೆಗಳೋ, ಅಮೆರಿಕ, ಕೆನಡಾ, ಮೆಕ್ಸಿಕೊಗಳ ನಿವಾಸಿಗಳೋ ಅಲ್ಲದವರನ್ನು ಹಾಗೆ ತೋರಿಸುವಂತಿಲ್ಲ. ಆಗದು ಎಂದರೆ, ಬೇರೆಯವರು ಮಾಡಿಕೊಟ್ಟರಲ್ಲ ಎನ್ನುತ್ತಾರೆ. ಆ ಬೇರೆಯವರು ರಿಟರ್ನಿನ ಕೆಳಗೆ ತಮ್ಮ ಹೆಸರು ಹಾಕಿದ್ದಾರೆಯೇ ನೋಡಿ ಎಂದು ಹೇಳಿ ಕಳುಹಿಸುತ್ತೇನೆ. ಕೆಲವರು ತಿರುಗಿ ಬರುವುದಿಲ್ಲ.

ಸಂಪಾದನೆಯ ಮಾತು ಹೇಳುವುದಾದರೆ, ಜನವರಿ ಕೊನೆಯಿಂದ, ರಿಟರ್ನ್ ಸಲ್ಲಿಕೆಯ ಕೊನೆಯ ದಿನವಾದ ಏಪ್ರಿಲ್ 15ರವರೆಗೆ ಉಸಿರಾಡಲು ಪುರಸೊತ್ತಿರುವುದಿಲ್ಲ, ಗಡುವು ವಿಸ್ತರಿಸಿಕೊಂಡವರ ಕೊನೆಯ ದಿನವಾದ ಅಕ್ಟೋಬರ್ 15ಕ್ಕೆ ಮುನ್ನ ಇನ್ನೊಂದಿಷ್ಟು ಕೆಲಸ, ಉಳಿದ ತಿಂಗಳು ತೆಳು. ನಿವ್ವಳ ಲಾಭದ ಬಹುಪಾಲಿನ ಮೇಲೆ 15.3% ಸ್ವಉದ್ಯೋಗ ತೆರಿಗೆ, ಅದರ ಮೇಲೆ ಆದಾಯ ತೆರಿಗೆ ಇರುವುದರಿಂದ ಕೈಗೆ ಬಂದದ್ದೆಲ್ಲ ನಿಮ್ಮದಲ್ಲ. ಈ ಚಳಿಗಾಲಕ್ಕೆ ಐಆರ್‌ಎಸ್ ಬೆಂಬಲದ, ಉಚಿತವಾಗಿ ರಿಟರ್ನ್ ತುಂಬಿಕೊಡುವ ವೀಟಾ ಕೇಂದ್ರವೊಂದರಲ್ಲಿ ಸ್ವಯಂಸೇವಕರಾಗಿ ಸೇರಿಕೊಳ್ಳಿ. ತರಬೇತಿ ಅವರೇ ಕೊಡುತ್ತಾರೆ, ಮತ್ತು ನೀವು ತುಂಬಿದ ಪ್ರತಿ ರಿಟರ್ನನ್ನೂ ಸಲ್ಲಿಸುವ ಮೊದಲು ಇನ್ನೊಬ್ಬರು ಸಾಲುಸಾಲಾಗಿ ನೋಡುತ್ತಾರೆ. ಸ್ವಂತ ಕಚೇರಿಯಲ್ಲಿ ಆ ಇನ್ನೊಬ್ಬರು ಇರುವುದಿಲ್ಲ.