ಆಫೀಸಿನ ಕಾರ್ಡ್‌ಲೆಸ್ ಫೋನು: ಬೀಗ ಎಲ್ಲಿ ಹಾಕಬೇಕು?

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಒಂದೇ ಬೇಸ್‌ಗೆ (ಹ್ಯಾಂಡ್‌ಸೆಟ್‌ಗಳನ್ನು ಲೈನಿಗೆ ಜೋಡಿಸುವ ಪೆಟ್ಟಿಗೆ) ಹಲವು ಕಾರ್ಡ್‌ಲೆಸ್ ಹ್ಯಾಂಡ್‌ಸೆಟ್‌ಗಳಿವೆ. ಯಾರಾದರೂ ಮೆನು ಒಳಗೆ ಹೋಗಿ ಏನೇನೋ ಒತ್ತುತ್ತಾರೆ. ಆಮೇಲೆ ನೋಡಿದರೆ ಒಂದು ಹ್ಯಾಂಡ್‌ಸೆಟ್ ಬೇಸ್‌ನಿಂದ ಕಳಚಿಕೊಂಡಿರುತ್ತದೆ, ಇಲ್ಲಾ ಕರೆಗಳೆಲ್ಲ ಬೇರೆ ನಂಬರಿಗೆ ಹೋಗುತ್ತಿರುತ್ತವೆ. ಕೀಪ್ಯಾಡ್ ಲಾಕ್ ಹಾಕಿದರೂ ಪ್ರಯೋಜನ ಆಗಲಿಲ್ಲ. ಅಡ್ಮಿನ್ ಸೆಟ್ಟಿಂಗ್‌ಗಳನ್ನು ಮಾತ್ರ ಲಾಕ್ ಮಾಡಲು ಆಗುತ್ತದೆಯೇ?

ಉತ್ತರ: ಆಗುತ್ತದೆ. ಆದರೆ ಬೀಗ ಹಾಕಬೇಕಾದ ಜಾಗ ಹ್ಯಾಂಡ್‌ಸೆಟ್ ಅಲ್ಲ, ಬೇಸ್. ಕೀಪ್ಯಾಡ್ ಲಾಕ್ ಇರುವುದು ಜೇಬಿನಲ್ಲಿದ್ದಾಗ ಕೀಗಳು ತಾವಾಗಿ ಒತ್ತಿಹೋಗದಿರಲಿ ಅಂತ. ಅದನ್ನು ಯಾರು ಬೇಕಾದರೂ ತೆಗೆಯಬಹುದು.

ಮೊದಲು ಬೇಸ್‌ನ ಸಿಸ್ಟಮ್ ಪಿನ್ ಬದಲಿಸಿ. ಗಿಗಾಸೆಟ್, ಯಿಯಾಲಿಂಕ್‌ನಂಥ ಕಂಪನಿಗಳ ಬೇಸ್‌ಗಳಲ್ಲಿ ಅದು 0000 ಎಂದೇ ಬರುತ್ತದೆ, ಅದನ್ನು ಹಾಗೇ ಬಿಟ್ಟರೆ ಪಿನ್ ಇದ್ದೂ ಇಲ್ಲದ ಹಾಗೆ. ಹೊಸ ಹ್ಯಾಂಡ್‌ಸೆಟ್ ಸೇರಿಸಲು, ಮೆನುವಿನಿಂದ ಬೇಸ್ ರೀಸೆಟ್ ಮಾಡಲು ಸಾಮಾನ್ಯವಾಗಿ ಕೇಳುವುದು ಈ ಪಿನ್ನನ್ನೇ. ಬ್ರೌಸರಿನಲ್ಲಿ ತೆರೆಯುವ ಬೇಸ್‌ನ ಸೆಟ್ಟಿಂಗ್ ಪುಟಕ್ಕೆ ಹಲವು ಮಾದರಿಗಳಲ್ಲಿ ಬೇರೆಯೇ ಪಾಸ್‌ವರ್ಡ್ ಇರುತ್ತದೆ. ಅದನ್ನೂ ಬದಲಿಸಬೇಕು, ತುಂಬಾ ಜನ ಇದನ್ನು ಮರೆಯುತ್ತಾರೆ.

ಹ್ಯಾಂಡ್‌ಸೆಟ್‌ಗಳು ಜಾಸ್ತಿ ಇದ್ದರೆ ಪ್ರೊವಿಷನಿಂಗ್ ಒಳ್ಳೆಯ ದಾರಿ. ಅಂದರೆ ಸೆಟ್ಟಿಂಗ್‌ಗಳ ಫೈಲನ್ನು ಒಂದು ಸರ್ವರಿನಲ್ಲಿ ಇಡುವುದು, ಬೇಸ್ ಆನ್ ಆದಾಗ ಅದನ್ನು ತಾನೇ ಓದಿಕೊಳ್ಳುತ್ತದೆ. ಸರ್ವರಿನ ವಿಳಾಸವನ್ನು ಡಿಎಚ್‌ಸಿಪಿ (ನೆಟ್‌ವರ್ಕಿನ ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆಪ್ಷನ್ 66ರ ಮೂಲಕ ಕೊಡಬಹುದು. ಬಳಸುವವರಿಗೆ ಯಾವ ಮೆನು ಕಾಣಬೇಕು, ಯಾವುದು ಅಡ್ಮಿನ್‌ಗೆ ಮಾತ್ರ ಎಂದು ಈ ಫೈಲಿನಲ್ಲೇ ಹೇಳುವ ಅನುಕೂಲ ಹಲವು ಮಾದರಿಗಳಲ್ಲಿದೆ. ಯಾರಾದರೂ ಏನಾದರೂ ಕೆಡಿಸಿದರೂ ಮತ್ತೆ ಸರಿಯಾದದ್ದನ್ನು ತರಿಸಿಕೊಳ್ಳಬಹುದು, ಅದೇ ಇದರ ದೊಡ್ಡ ಲಾಭ. ಫೈಲಿನಲ್ಲಿ ಅಕೌಂಟಿನ ಪಾಸ್‌ವರ್ಡ್‌ಗಳೂ ಇರುತ್ತವೆ, ಹಾಗಾಗಿ ಎಚ್‌ಟಿಟಿಪಿಎಸ್ (ದಾರಿಯಲ್ಲಿ ಬೇರೆಯವರು ಓದಲಾಗದಂತೆ ಕಳಿಸುವ ವಿಧಾನ) ಇಲ್ಲದೆ ಕಳಿಸಬೇಡಿ.

ಕರೆಗಳು ಬೇರೆ ನಂಬರಿಗೆ ಹೋಗುವ ತೊಂದರೆ ಸ್ವಲ್ಪ ಬೇರೆ. ಮೆನುವಿಗೆ ಬೀಗ ಹಾಕಿದರೂ, ಸ್ಟಾರ್ ಒತ್ತಿ ಕೋಡ್ ಡಯಲ್ ಮಾಡಿದರೆ ಫಾರ್ವರ್ಡಿಂಗ್ ಆನ್ ಆಗಿಬಿಡಬಹುದು, ಯಾಕೆಂದರೆ ಆ ಕೆಲಸ ಮಾಡುವುದು ಫೋನಲ್ಲ, ಪಿಬಿಎಕ್ಸ್, ಅಂದರೆ ಆಫೀಸಿನ ಕರೆಗಳನ್ನು ಹಂಚುವ ವ್ಯವಸ್ಥೆ. ಅಲ್ಲೇ ಆ ಹ್ಯಾಂಡ್‌ಸೆಟ್‌ಗಳ ಎಕ್ಸ್‌ಟೆನ್ಷನ್‌ಗಳಿಗೆ (ಒಳ ನಂಬರುಗಳಿಗೆ) ಫಾರ್ವರ್ಡಿಂಗ್ ಅನುಮತಿ ತೆಗೆಸಿ. ಫಾರ್ವರ್ಡಿಂಗ್ ನಿಜಕ್ಕೂ ಬೇಕಾದವರಿಗೆ ಮಾತ್ರ ಉಳಿಸಿ.

ಎಲ್ಲಕ್ಕೂ ಬೀಗ ಜಡಿಯಬೇಡಿ ಎಂದೂ ಹೇಳುತ್ತೇನೆ. ರಿಂಗ್‌ಟೋನ್, ವಾಲ್ಯೂಮ್, ಭಾಷೆ, ಪರದೆಯ ಬೆಳಕು, ಇವು ಬಳಸುವವರ ಕೈಯಲ್ಲೇ ಇರಲಿ. ಕಿವಿ ಸ್ವಲ್ಪ ಮಂದ ಇರುವವರು ವಾಲ್ಯೂಮ್ ಏರಿಸಲು ಅಡ್ಮಿನ್ ಬರುವವರೆಗೆ ಕಾಯಬೇಕು ಅಂದರೆ ಅದು ಸರಿಯಲ್ಲ, ಅಲ್ವಾ? ಬೀಗ ಹಾಕಿದ ಮೇಲೂ ತುರ್ತು ಕರೆ ಹೋಗುತ್ತದೆಯೇ ಎನ್ನುವುದನ್ನು ಫೋನಿನ ಕೈಪಿಡಿಯಲ್ಲೂ ಪಿಬಿಎಕ್ಸ್ ನೋಡಿಕೊಳ್ಳುವವರ ಹತ್ತಿರವೂ ಖಚಿತ ಮಾಡಿಕೊಳ್ಳಿ. ಸುಮ್ನೆ ತುರ್ತು ನಂಬರಿಗೆ ಹೊಡೆದು ನೋಡಬೇಡಿ.

ಬೇಸ್ ಪೆಟ್ಟಿಗೆಯನ್ನು ಕೈಗೆ ಎಟುಕದ ಕಡೆ ಇಡಿ. ಎಷ್ಟೋ ಮಾದರಿಗಳಲ್ಲಿ ಅದರ ಬಟನ್ನನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಎಲ್ಲ ಅಳಿಸಿಹೋಗಿ ಪಿನ್ ಮತ್ತೆ 0000 ಆಗುತ್ತದೆ. ಗೋಡೆಗೆ ಎತ್ತರದಲ್ಲಿ ಹಾಕಿದರೆ ಸಿಗ್ನಲ್‌ಗೂ ಒಳ್ಳೆಯದು, ಆದರೆ ಕಬ್ಬಿಣದ ಬೀರು ಒಳಗೆ ಮಾತ್ರ ಬೇಡ. ಹೊಸ ಪಿನ್ ಬರೆದು ಜೋಪಾನವಾಗಿ ಇಡಿ, ಜೊತೆಗೆ ಸೆಟ್ಟಿಂಗ್‌ಗಳ ಬ್ಯಾಕಪ್ ಕೂಡ ತೆಗೆದಿಡಿ. ಪಿನ್ ಮರೆತರೆ ಆ ರೀಸೆಟ್ ನೀವೇ ಮಾಡಬೇಕಾಗುತ್ತದೆ.