ಫೋನ್ ಯಾರ ಕೈಯಾಗ ಐತಿ ಅನ್ನೋದು ಮೊದಲ ನೋಡ್ರಿ

ಸರ್, ಬೆಳಗಾವಿ ಕಡೆ ಪಿಯುಸಿ ಮುಗಿಸಿದ ಹುಡುಗರನ್ನ ಇಂಜಿನಿಯರಿಂಗ್ ಕಾಲೇಜಿನವರು ಹೆಂಗ ಮುಟ್ಟಬೇಕು, ಇಮೇಲಾ, ವಾಟ್ಸ್‌ಆ್ಯಪಾ, ಫೋನಾ ಅಂತ ಕೇಳೀರಿ. ನಾನು ಚಿಕ್ಕೋಡಿ ಕಡೆಯಾವ, ಅಡ್ಮಿಷನ್ ಟೈಮಿನ್ಯಾಗ ಇಲ್ಲಿ ಏನೇನ್ ನಡೀತೈತಿ ಅಷ್ಟು ಹೇಳ್ತೀನಿ, ಆಮ್ಯಾಲೆ ನೀವ ಲೆಕ್ಕಾ ಹಾಕ್ಕೋರಿ.

ಇಮೇಲ್ ಬಿಟ್ಟಬಿಡ್ರಿ. ಇಲ್ಲಿ ಭಾಳ ಮಂದಿ ಕೆಸಿಇಟಿ, ಅಂದ್ರ ಕರ್ನಾಟಕದ ಪ್ರವೇಶ ಪರೀಕ್ಷೆ, ಅದರ ಅರ್ಜಿ ತಾವ ಕುಂತು ತುಂಬಂಗಿಲ್ಲ, ಬಸ್‌ಸ್ಟ್ಯಾಂಡ್ ಹತ್ರ ನೆಟ್ ಸೆಂಟರ್‌ಗೆ ಹೋಗ್ತಾರ. ಸೆಂಟರಿನಾವ ಆಧಾರ್, ಮಾರ್ಕ್ಸ್‌ಕಾರ್ಡ್ ಇಸ್ಕೊಂಡು, ಇಮೇಲ್ ಐಡಿ ಇಲ್ಲ ಅಂದ್ರ ಅಲ್ಲೇ ಒಂದು ಹುಟ್ಟಿಸಿ, ಪಾಸ್‌ವರ್ಡ್ ಚೀಟಿ ಮ್ಯಾಲ ಬರದು ಕೊಡ್ತಾನ, ಆ ಚೀಟಿ ಫೈಲಿನಾಗ ಹೋತಂದ್ರ ಹೋತು. ಕೆಲವೊಂದ್ಸಲ ಸೆಂಟರಿನಾವಂದ ಐಡಿ ಹಾಕಿರ್ತಾನ. ನೀವು ಕಳಿಸಿದ ಬಣ್ಣದ ಬ್ರೋಷರ್ ಅವನ ಇನ್‌ಬಾಕ್ಸಿನಾಗ ಬಿದ್ದಿರತೈತಿ. ಆದ್ರ ಒಂದು ಮಾತು, ಈ ಮನಷ್ಯಾನ ನಮ್ಮ ಕಡೆ ಮೊದಲನೇ ಕೌನ್ಸೆಲರ್. ಆಪ್ಷನ್ ಎಂಟ್ರಿ, ಅಂದ್ರ ಯಾವ ಕಾಲೇಜ್ ಮೊದಲ ಬೇಕು ಅಂತ ಪಟ್ಟಿ ತುಂಬೋ ಟೈಮಿನ್ಯಾಗ, ಹುಡುಗನ ಬಾಜೂಕ ಕುಂತು "ಇದನ್ನ ಮ್ಯಾಲ ಹಾಕಲೇನು" ಅಂತ ಕೇಳಾವ ಅವನ. ನಿಮ್ಮ ಕಾಲೇಜಿನ ಕೋಡ್, ಫೀ, ಹಾಸ್ಟೆಲ್ ಖರ್ಚು ಬರದಿದ್ದ ಒಂದು ಹಾಳಿ ಅವನ ಟೇಬಲ್ ಮ್ಯಾಲ ಇರ್ಲಿ. ಕಮಿಷನ್ ಮಾತ್ರ ಕೊಡಾಕ ಹೋಗಬ್ಯಾಡ್ರಿ, ಊರಾಗ ಇಂಥಾದ್ದು ಮುಚ್ಚಿಡಾಕ ಆಗಂಗಿಲ್ಲ, ಆಮ್ಯಾಲೆ ಏಜೆಂಟ್ ಕಾಲೇಜ್ ಅಂತ ಹೆಸರು ಬೀಳತೈತಿ.

ಇನ್ನ ಫೋನ್. ನಿಮ್ಮ ಲಿಸ್ಟಿನ್ಯಾಗ ಹುಡುಗೀ ಹೆಸರಿನ ಮುಂದ ಇರೋ ನಂಬರ್ ಭಾಳ ಸಲ ಆಕೀ ಅಪ್ಪಂದು, ಇಲ್ಲಾ ಅಣ್ಣಂದು, ಇಲ್ಲಾ ಕಾಕಾಂದು. ನೆಟ್ ಸೆಂಟರ್‌ನ್ಯಾಗ ನೋಡ್ರಿ, ಹುಡುಗಿ ಇಲ್ಲಿ ಕುಂತಿರ್ತಾಳ, ಓಟಿಪಿ ಹೊಲದಾಗಿನ ಅಪ್ಪನ ಫೋನಿಗೆ ಹೋಗಿರತೈತಿ, ಸೆಂಟರಿನಾವ ಫೋನ್ ಹಚ್ಚಿ "ಕಾಕಾ, ಒಂದು ನಂಬರ್ ಬಂದೈತಿ ನೋಡ್ರಿ, ಲಗೂನ ಹೇಳ್ರಿ, ಟೈಮ್ ಮುಗಿತೈತಿ" ಅಂತ ಒದರತಿರ್ತಾನ. ಅದ ಫೋನಿಗೆ ನಿಮ್ಮ ಟೆಲಿಕಾಲರ್ ಮುಂಜಾನಿ ಹನ್ನೊಂದಕ್ಕ ಫೋನ್ ಹಚ್ಚಿ ಇಂಗ್ಲಿಷ್‌ನ್ಯಾಗ ಹುಡುಗೀ ಹೆಸರು ಹಿಡದು ಕೇಳಿದ್ರ ಏನಾಗತೈತಿ? ಲೋನ್ ಬ್ಯಾಡ್ರಿ ಅಂದು ಕಟ್ ಮಾಡ್ತಾನ. ಇಲ್ಲಾ ನಮ್ಮ ಮಗಳ ನಂಬರ್ ಇವರಿಗೆ ಯಾರ್ ಕೊಟ್ರು ಅಂತ ಮನ್ಯಾಗ ಜಗಳಾ ಸುರು ಆಗತೈತಿ, ಅದರ ಪೆಟ್ಟು ಆಕೀಗೆ. ಜಾಹೀರಾತಿನ ಫೋನ್ ಬರೋ 140ರಿಂದ ಸುರು ಆಗೋ ನಂಬರ್ ಅಂದ್ರ ಎತ್ತೋದ ಇಲ್ಲ ಬಿಡ್ರಿ. ಸಂಜೀ ಏಳೂವರಿ ಮ್ಯಾಲ, ಸಾದಾ ನಂಬರಿನಿಂದ, ಮೊದಲ ಕಾಲೇಜ್ ಹೆಸರು, ಆಮ್ಯಾಲೆ ತಮ್ಮ ಹೆಸರು ಹೇಳಿ, "ಅಪ್ಪಾರ ಅದಾರೇನ್ರಿ" ಅಂತ ಕೇಳಬೇಕು. ಅಪ್ಪ ಫೀ ಕೇಳ್ತಾನ. ಬಾಜೂಕ ಕುಂತ ಅವ್ವ ಹಾಸ್ಟೆಲ್ ಗೇಟ್ ಎಷ್ಟಕ್ಕ ಹಾಕ್ತಾರ ಅಂತ ಕೇಳಸ್ತಾಳ. ಸೀಟ್ ಬಗ್ಗೆ ತೀರ್ಮಾನ ಆಗೋದು ಅವ್ವನ ಈ ಪ್ರಶ್ನೆ ಮ್ಯಾಲ, ನಿಮ್ಮ ಪ್ಲೇಸ್‌ಮೆಂಟ್ ಪರ್ಸೆಂಟೇಜ್ ಮ್ಯಾಲ ಅಲ್ಲ ಅಂತ ನನ್ನ ಲೆಕ್ಕಾ.

ವಾಟ್ಸ್‌ಆ್ಯಪ್ ಎಲ್ಲಾರ ಮನ್ಯಾಗೂ ಐತಿ, ಆದ್ರ ಗೊತ್ತಿಲ್ಲದ ನಂಬರಿನಿಂದ ಬಂದ ದೊಡ್ಡ ಪಿಡಿಎಫ್ ಯಾರೂ ತಗಿಯಂಗಿಲ್ಲ. ಅದ ಪಿಡಿಎಫ್ ಪಿಯು ಕಾಲೇಜಿನ ಫಿಸಿಕ್ಸ್ ಸರ್ ಕ್ಲಾಸ್ ಗ್ರೂಪಿಗೆ ಹಾಕಿದ್ರ ಮನಿಮಂದೆಲ್ಲಾ ಓದ್ತಾರ. ಅದಕ್ಕ ಮೊದಲ ಲೆಕ್ಚರರ್‌ಗಳನ್ನ ಕಾಣ್ರಿ, ಖುದ್ದ ಬಂದು ಕಾಣ್ರಿ. ಎಲ್ಲಿಂದೋ ನಂಬರ್ ಲಿಸ್ಟ್ ಖರೀದಿ ಮಾಡಿ ಮೆಸೇಜ್ ಬಿಡೋ ಧಂಧೆ ಬ್ಯಾಡ. 2023ರ ಡೇಟಾ ಕಾಯ್ದೆದಾಗ 18 ತುಂಬದಾವ್ರು ಮಕ್ಕಳ ಲೆಕ್ಕಕ್ಕ ಬರ್ತಾರ, ಅವ್ರ ಮಾಹಿತಿ ಬಳಸಾಕ ತಂದಿ-ತಾಯಿ ಒಪ್ಪಿಗಿ ಬೇಕು ಅಂತೈತಿ. ಸೆಕೆಂಡ್ ಪಿಯು ಹುಡುಗರಾಗ 17ರಾವ್ರ ಭಾಳ.

ನಿಪ್ಪಾಣಿ, ಖಾನಾಪುರ, ಕಾಗವಾಡ ಅಂತ ಗಡಿ ಊರಿನ್ಯಾಗ ಇನ್ನೊಂದು ತೊಡಕೈತಿ. ಎಷ್ಟೋ ಮಂದಿ ಹತ್ರ ಕೊಲ್ಹಾಪುರದಾಗೋ ಮೀರಜ್‌ನ್ಯಾಗೋ ತಗೊಂಡ ಸಿಮ್ ಇರತೈತಿ, ಹಂಗಾಗಿ ಬರೇ ಕರ್ನಾಟಕದ ನಂಬರ್ ಅಂತ ಸೋಸಿದ್ರ ನಮ್ಮ ಹುಡುಗರ ಕೈಬಿಟ್ಟು ಹೋಗ್ತಾರ. ಮರಾಠಿ ಮೀಡಿಯಂನ್ಯಾಗ ಎಸ್ಸೆಸ್ಸೆಲ್ಸಿ ಮಾಡಿದ ಮನಿಗೆ ಮರಾಠಿ ಒಳಗ ನಾಕ ಸಾಲು ಕಳಿಸ್ರಿ, ಅದಕ್ಕ ಯಾರೂ ಬ್ಯಾಸರ ಮಾಡ್ಕೊಳ್ಳಂಗಿಲ್ಲ, ಗಡಿ ಜಗಳಾ ಟಿವಿ ಒಳಗ ಕಾಣೋವಷ್ಟು ನಮ್ಮ ಓಣ್ಯಾಗ ಇಲ್ರಿ. ಮತ್ತ ನಿಮಗ ಪೈಪೋಟಿ ಇರೋದು ಹುಬ್ಬಳ್ಳಿ ಕಾಲೇಜಷ್ಟ ಅಂತ ತಿಳ್ಕೋಬ್ಯಾಡ್ರಿ. ಮಹಾರಾಷ್ಟ್ರದ ಇಂಜಿನಿಯರಿಂಗ್ ಅಡ್ಮಿಷನ್‌ನ್ಯಾಗ ಗಡಿಭಾಗದ ಮರಾಠಿ ಮಾತೃಭಾಷೆ ಹುಡುಗರಿಗಂತ ಟೈಪ್ ಇ ಅಂತ ಬ್ಯಾರೇನ ವರ್ಗ ಐತಿ, ಅವ್ರು ಎರಡೂ ಕಡೆ ಸಿಇಟಿ ಬರದು ಕುಂತಿರ್ತಾರ. ವಿಜಯಪುರ ಕಡೆ ಹೋದ್ರ ಸೊಲ್ಲಾಪುರ ಎಳಿತೈತಿ, ಅಲ್ಲಿ ಉರ್ದು ಮೀಡಿಯಂ ಮನಿಗಳೂ ಅದಾವ. ಬಾಗಲಕೋಟಿ ಕತಿನ ಬ್ಯಾರೆ, ಅಲ್ಲಿ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜ್ 1963ರಿಂದ ಐತಿ, ಊರಾಗ ಇರೋದು ಬಿಟ್ಟು ನಿಮ್ಮಲ್ಲಿಗೆ ಯಾಕ ಬರ್ಬೇಕು ಅನ್ನೋದಕ್ಕ ಉತ್ತರ ಇಟ್ಕೊಂಡ ಹೋಗ್ರಿ.

ಇನ್‌ಸ್ಟಾಗ್ರಾಮ್ ಹುಡುಗರು ನೋಡ್ತಾರ, ಅಪ್ಪ-ಅವ್ವ ನೋಡಂಗಿಲ್ಲ. ನಿಮ್ಮ ಕಾಲೇಜಿನ್ಯಾಗ ಓದೋ ನಮ್ಮ ಕಡೆ ಹುಡುಗ ಯಾರರ ಇದ್ರ ಅವನ ಕಡಿಂದ ಮೆಸ್ಸಿನ ಊಟದ್ದು ಒಂದು ರೀಲ್ ಮಾಡಸ್ರಿ, ಜ್ವಾಳದ ರೊಟ್ಟಿ ಸಿಗತೈತೋ ಇಲ್ಲೋ ಖರೇ ಹೇಳ್ಲಿ. ಪೇಪರ್ ಜಾಹೀರಾತಿನ ರೊಕ್ಕ ಇದ್ರ ರಿಸಲ್ಟ್ ಬಂದ ವಾರದಾಗಷ್ಟ ಹಾಕ್ರಿ, ಬೆಳಗಾವಿ ಮರಾಠಿ ಮನಿಗೆ ತರುಣ ಭಾರತ, ಉಳದಾವ್ರಿಗೆ ಕನ್ನಡ ಪೇಪರ್. ಹೋರ್ಡಿಂಗ್ ನನಗಂತೂ ದಂಡ ಅನಸ್ತೈತಿ, ಸರ್ಕಲ್‌ನ್ಯಾಗ ಲೀಡರ್‌ಗಳ ಬರ್ತ್‌ಡೇ ಬ್ಯಾನರ್ ಹಿಂದ ಅದು ಕಾಣೋದ ಇಲ್ಲ.

ಮೆಸೇಜಿನಾಗ "ಅಡ್ಮಿಷನ್ ಓಪನ್" ಅಂತ ಹಾಕಬ್ಯಾಡ್ರಿ, ಎಲ್ಲಾರೂ ಹಾಕ್ತಾರ. ಸರ್ಕಾರಿ ಕೋಟಾ ಫೀ ಎಷ್ಟು, ಎಸ್‌ಎನ್‌ಕ್ಯೂ ಸೀಟ್ (ಕಡಿಮಿ ಆದಾಯದ ಮನಿ ಹುಡುಗರಿಗೆ ಟ್ಯೂಷನ್ ಫೀ ಇಲ್ಲದ ಹೆಚ್ಚುವರಿ ಸೀಟ್) ಐತೋ ಇಲ್ಲೋ, ಹಾಸ್ಟೆಲ್ ವರ್ಷಕ್ಕ ಎಷ್ಟು, ರಾತ್ರಿ ಬಸ್ ಇಳದ್ರ ಕಾಲೇಜ್ ಎಷ್ಟು ದೂರ, ಇಷ್ಟು ಬರದ್ರ ಸಾಕು. ಕಡೀಕ ಲೇಡೀಸ್ ಹಾಸ್ಟೆಲ್ ವಾರ್ಡನ್ ಮೇಡಂ ನಂಬರ್ ಹಾಕ್ರಿ, ರಾತ್ರಿ ಒಂಬತ್ತರ ತನಕ ಅವ್ರು ಫೋನ್ ಎತ್ತೋಹಂಗ ವ್ಯವಸ್ಥಾ ಮಾಡಿ ಹಾಕ್ರಿ.